ಮೇರಿಯಮ್ಮನ ಕುಂಕುಮ

ಫ್ರಾನ್ಸಿನ ಮೇರಿಯಮ್ಮನ ಹಣೆಗೆ ಕುಂಕುಮ ಇಟ್ಟ ಗಂಡು ತಾನೊಬ್ಬನೇ ಅಂತ ಮುದುಕ ಚಿಕ್ಕೀರಯ್ಯ ಸೊಸೆಯ ಮುಂದೆ ಮೀಸೆ ತಿರುವಿದ. ಅಲ್ಲ ಅನ್ನೋಕೆ ಅವನು ದುಡಿದ ಬಂಗಲೆಯವರು ಯಾರೂ ಈಗಿಲ್ಲ.

ಆ ಬಂಗಲೆಯ ಧಣಿಗೆ ಫ್ರಾನ್ಸಿನ ದೇವರ ಪಟ ಕೂಡಿಹಾಕೋ ಹುಚ್ಚು. ಮೇರಿಯಮ್ಮನ ಹೊಸ ಪಟ ಬಂದ ದಿನ, ಆಳಾಗಿದ್ದ ಚಿಕ್ಕೀರಯ್ಯ ಮನೆದೇವರಿಗೆ ಇಟ್ಟ ಹಾಗೆ ಅದಕ್ಕೂ ಕುಂಕುಮ ಇಟ್ಟುಬಿಟ್ಟ.

"ಅಯ್ಯೋ ಕತ್ತೆ! ಇದು ನೋಡಿ ಆನಂದಪಡೋದು ಕಣೋ, ಪೂಜೆ ಮಾಡೋದಲ್ಲ! ಒರೆಸು, ಇಲ್ಲಾ ಕೆಲಸ ಬಿಡು!" ಅಂತ ಧಣಿ ಗದರಿದ.

ಒರೆಸಿದರೆ ಬಣ್ಣವೂ ಕಿತ್ತುಬರುತ್ತೆ, ಆಗಲೂ ಕೆಲಸ ಹೋಗುತ್ತೆ. ಚಿಕ್ಕೀರಯ್ಯ ನೇರ ಧಣಿಯ ತಾಯಿ ಹತ್ತಿರ ಹೋದ. "ಅವ್ವಾರೇ, ಮುತ್ತೈದೆ ಹಣೆಯ ಕುಂಕುಮ ಒರೆಸು ಅಂತಾರೆ ಬುದ್ಧಿಯೋರು!"

ಅವ್ವ ಧುಮುಗುಟ್ಟುತ್ತಾ ಬಂದರು.

"ಅವ್ವಾ, ಅದು ಬರೀ ಚಿತ್ರ!" ಅಂದ ಧಣಿ.

"ಪಟದಲ್ಲಿ ಗಂಡ ಪಕ್ಕದಲ್ಲೇ ನಿಂತವ್ನಲ್ಲೋ! ಮುಟ್ಟಿದ್ರೆ ನೋಡು!"

ಧಣಿ ತಲೆ ಚಚ್ಚಿಕೊಂಡ. ಕುಂಕುಮ ಉಳಿಯಿತು, ಕೆಲಸವೂ ಉಳಿಯಿತು.

"ಮಾವಾ, ನೀವು ಕೆಲಸಕ್ಕೆ ಸೇರೋ ಮೊದಲೇ ಆ ಅವ್ವ ತೀರಿಕೊಂಡಿದ್ರು ಅಂದಿದ್ರಲ್ಲ?" ಅಂದಳು ಸೊಸೆ.

ಮುದುಕ ಭುಜ ಹಾರಿಸಿದ. "ಧಣೀನ ಬೈಯೋಕೆ ಇನ್ಯಾರಿದ್ರಮ್ಮಾ?"