ಹಸಿ ಸುಣ್ಣದ ಗೋಡೆ

"ಗುರುಗಳೇ, ಮೂರು ಕೆಲಸಗಳಲ್ಲಿ ಯಾವ ಎರಡನ್ನು ಬಿಡಲಿ?" ಎಂದು ವಸುಂಧರೆ ಕೇಳಿದಳು.

ಅವಳು ಕಿವಿಗೆ ಬಿದ್ದ ಸದ್ದುಗಳನ್ನೆಲ್ಲ ಕೂಡಿಸಿ ಹೊಸ ಬಗೆಯ ಸಂಗೀತ ಕಟ್ಟುವವಳು. ಬೇರೆಯವರ ಹಾಡು ಧ್ವನಿಮುದ್ರಣವಾಗುವಾಗ ಜೊತೆಗೆ ಕುಳಿತು ತಿದ್ದಿಕೊಡುವವಳು. ಚಿತ್ರವನ್ನೂ ಬರೆಯುವವಳು. "ಹೋದಲ್ಲೆಲ್ಲ, ನೀನು ಈ ಮೂವರಲ್ಲಿ ಯಾರು ಎಂದು ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ" ಎಂದಳು.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸಂಗೀತಗಾರನಿದ್ದ. ಕಂಠ ಒಳ್ಳೆಯದು, ಕಿವಿ ಮಾತ್ರ ಅವನ ಮಾತು ಕೇಳದು. ಬಾವಿಯ ರಾಟೆ ಕಿರುಗುಟ್ಟಿದರೆ ಅಲ್ಲೇ ನಿಂತುಬಿಡುವನು, ಆ ಸದ್ದನ್ನು ತಂದು ಹಾಡಿಗೆ ಸೇರಿಸುವನು. ಊರಿನ ಗಾಯಕರು ಹೊಸ ಹಾಡನ್ನು ಮೊದಲು ಅವನೆದುರು ಹಾಡುತ್ತಿದ್ದರು. ಇಲ್ಲಿ ಉಸಿರು ತೆಗೆದುಕೋ, ಇಲ್ಲಿ ಸುಮ್ಮನಿರು ಎಂದು ಅವನು ಹೇಳಿದರೆ ಸೋತ ಹಾಡೂ ಎದ್ದು ನಿಲ್ಲುತ್ತಿತ್ತು. ತನ್ನ ಹಾಡನ್ನಂತೂ ಬಾಯಿಗೆ ಬರುವ ಮೊದಲೇ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಡುತ್ತಿದ್ದ. ಅಕ್ಷರದಲ್ಲಲ್ಲ, ಏರಿಳಿಯುವ ಗೆರೆಗಳಲ್ಲಿ. ಆ ಗೋಡೆಯನ್ನು ನೋಡಲೆಂದೇ ಬರುವವರೂ ಇದ್ದರು.

ವರ್ಷಕ್ಕೊಮ್ಮೆ ಸೇರುವ ಆ ಊರ ಕಲಾಸಭೆಯಲ್ಲಿ ಒಂದು ಪದ್ಧತಿ. ಹಾಡುವವರಿಗೆ ಒಂದು ಚಾಪೆ, ನುಡಿಸುವವರಿಗೆ ಒಂದು, ಚಿತ್ರ ಬರೆಯುವವರಿಗೆ ಒಂದು. ಚಾಪೆಯ ಮೇಲೆ ಕುಳಿತವರಿಗಷ್ಟೇ ವೀಳ್ಯ. ಅವನು ಹಾಡುವವರ ಚಾಪೆಗೆ ಹೋದ. "ರಾಟೆ ಕಿರುಗುಟ್ಟಿಸುವವನಿಗೆ ಇಲ್ಲೇನು ಕೆಲಸ?" ಎಂದರು. ನುಡಿಸುವವರು ಚಿತ್ರದವರ ಕಡೆಗೆ ಕೈ ತೋರಿಸಿದರು. ಚಿತ್ರದವರು, ತಾವು ಹಾಡುವವರಲ್ಲವೇ ಎಂದು ಬಹಳ ಮರ್ಯಾದೆಯಿಂದಲೇ ಎಬ್ಬಿಸಿ ಕಳಿಸಿದರು. ಸಭೆ ಮುಗಿಯುವವರೆಗೆ ಅವನು ಬಾಗಿಲ ಬಳಿ ಚಪ್ಪಲಿಗಳ ಪಕ್ಕದಲ್ಲಿ ನಿಂತಿದ್ದ. ತಲೆ ನರೆತರೂ ಕೂರಲು ಒಂದು ಚಾಪೆ ತನ್ನದಾಗಲಿಲ್ಲವಲ್ಲ ಎಂದು ಅವನಿಗೆ ಅನ್ನ ಸೇರಲಿಲ್ಲ.

ಇನ್ನು ಹಾಡೊಂದೇ ಸಾಕು ಎಂದು ನಿಶ್ಚಯಿಸಿದ. ಹಾಡು ತಿದ್ದಿಸಿಕೊಳ್ಳಲು ಬಂದ ಗಾಯಕಿಯನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿದ. ಗಡಿಗೆಯಲ್ಲಿ ಸುಣ್ಣ ಕಲಸಿ, ನಾರಿನ ಕುಂಚ ಹಿಡಿದು ಗೋಡೆ ಬಳಿಯತೊಡಗಿದ. ಹಸಿ ಸುಣ್ಣದಲ್ಲಿ ಒಳಗಿನ ಗೆರೆ ಕಾಣುತ್ತದೆ. ಒಣಗಿದ ಮೇಲೆಯೇ ಗೋಡೆ ಬೆಳ್ಳಗಾಗುವುದು. ಎಂದೂ ಸುಣ್ಣ ಹೊಡೆಯದವನಿಗೆ ಇದೆಲ್ಲಿ ಗೊತ್ತು? ಗೆರೆ ಹೋಗಲಿಲ್ಲವೆಂದು ಮತ್ತೆ ಬಳಿದ. ಮತ್ತೂ ಕಂಡಿತು. ಸಿಟ್ಟಿನಿಂದ ಮೇಲಿಂದ ಮೇಲೆ ಬಳಿದ.

ಹಿಂದೆ ಕಳಿಸಿದ ಗಾಯಕಿ ಹೋಗಿರಲಿಲ್ಲ, ಕಿಟಕಿಯ ಬಳಿ ನಿಂತಿದ್ದಳು.

"ಏನು ಮಾಡುತ್ತಿದ್ದೀರಿ, ಅಣ್ಣಾ?"

"ಹಾಡೊಂದನ್ನು ಉಳಿಸಿ ಎಲ್ಲ ಬಿಡುತ್ತಿದ್ದೇನಮ್ಮ."

"ಬಿಡುವುದೇ ಇಷ್ಟು ಚೆನ್ನಾಗಿದೆಯಲ್ಲ! ಇದನ್ನು ನಾನು ಹಾಡುವುದಾದರೆ, ಕುಂಚವನ್ನು ಗಡಿಗೆಗೆ ತಟ್ಟುವ ಕಡೆ ಉಸಿರು ತೆಗೆದುಕೊಳ್ಳಲೇ?"

ಅವನ ಕೈ ನಿಂತಿತು. ಅಷ್ಟು ಹೊತ್ತೂ ಅಳಿಸಬೇಕಾದ ಗೆರೆಯ ಜಾಡಿನಲ್ಲೇ ಕುಂಚ ಏರಿಳಿಯುತ್ತಿತ್ತು. ಗಡಿಗೆಯ ಬಾಯಿಗೆ ತಟ್ಟುತ್ತಿದ್ದುದು ತಾಳ ತಪ್ಪಿರಲಿಲ್ಲ. ಬಾಯಿ ತನ್ನಷ್ಟಕ್ಕೆ ಹಾಡುತ್ತಿತ್ತು. ಬಿಡುತ್ತೇನೆಂದು ಹೊರಟವನು ಬೆಳಗಿನಿಂದ ಎಲ್ಲವನ್ನೂ ಒಟ್ಟಿಗೇ ಮಾಡುತ್ತಿದ್ದ. ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಎದೆ ಹಗುರಾಯಿತು.

"ಅಲ್ಲಿ ಬೇಡ, ಅದರ ಮುಂದಿನ ಏಟಿಗೆ ತೆಗೆದುಕೋ. ಒಳಗೆ ಬಾ" ಎಂದ.

ಸಂಜೆಯ ಹೊತ್ತಿಗೆ ಗೋಡೆ ಒಣಗಿ ಬೆಳ್ಳಗಾಯಿತು. ಒಳ್ಳೆಯದೇ ಆಯಿತು, ಹೊಸ ಹಾಡು ಬರೆಯಲು ಜಾಗ ಬೇಕಿತ್ತು.

ಗುರುಗಳು ಕತೆ ನಿಲ್ಲಿಸಿದರು. ವಸುಂಧರೆಯ ಮುಖ ಎಷ್ಟೋ ತಿಳಿಯಾಗಿತ್ತು. ಆದರೂ ಒಂದು ಮಾತು ಕೇಳದೆ ಇರಲಾಗಲಿಲ್ಲ.

"ಮರುವರ್ಷದ ಸಭೆಯಲ್ಲಿ ಅವನಿಗೆ ಯಾವ ಚಾಪೆ ಸಿಕ್ಕಿತು, ಗುರುಗಳೇ?"

ಗುರುಗಳು ನಕ್ಕು ಹೇಳಿದರು: "ಅದನ್ನು ಕೇಳುವುದನ್ನು ಅವನು ಮರೆತಿದ್ದ, ಮಗಳೇ. ನೀನಿನ್ನೂ ಮರೆತಿಲ್ಲ."