ಸೋಮವಾರದ ಹಿಡಿ ಜೋಳ

ಶಿಷ್ಯ ಅಂದ ಕೂಡಲೆ ಎಳೆಯ ಹುಡುಗನನ್ನು ನೆನೆಸಿಕೊಳ್ಳಬೇಡಿ. ಈ ಶಿಷ್ಯನಿಗೆ ಎಪ್ಪತ್ತು ದಾಟಿತ್ತು. ಗುರು ಅವನಿಗಿಂತ ನಾಲ್ಕೈದು ವರ್ಷ ಚಿಕ್ಕವಳು.

ಅವಳ ಹೆಸರು ಚಂಬವ್ವ. ಆಶ್ರಮ ಅಂದರೆ ಹೊಳೆಯ ದಂಡೆಯ ಮೇಲೆ ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲಿ ಒಂದು ಬೇವಿನ ಮರ. ಸೋಮವಾರಕ್ಕೊಮ್ಮೆ ಅಲ್ಲಿ ದಾಸೋಹ. ಬಂದವರಿಗೆಲ್ಲ ಜೋಳದ ರೊಟ್ಟಿ, ಕಾಳುಪಲ್ಯ.

ಒಂದು ಸೋಮವಾರ ಮುಂಜಾನೆ ಶಿಷ್ಯ ಅಡಿವೆಪ್ಪ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕೂತು ದೇವರ ಜೊತೆ ಮಾತಿಗಿಳಿದಿದ್ದ. ಜೀವಮಾನವೆಲ್ಲ ಹತ್ತಿ ಪೇಟೆಯಲ್ಲಿ ಹರಾಜಿನ ಸವಾಲು ಕೂಗಿದ ಗಂಟಲು ಅವನದು. ಪಿಸುಮಾತು ಅದಕ್ಕೆ ಬರುತ್ತಿರಲಿಲ್ಲ.

"ಮೊಮ್ಮಗಳು ಮುಕ್ತಾನ್ನ ಪರೀಕ್ಷಾದಾಗ ಪಾಸ್ ಮಾಡಸು, ಒಂದು ಕಾಯಿ ಒಡಸ್ತೀನಿ. ಮೊಮ್ಮಗ ಓಂಕಾರನ ಕೆಮ್ಮು ನಿಲ್ಲಸು, ಇನ್ನೊಂದು ಕಾಯಿ. ದಿನಾ ಪರ ಊರಿಗೆ ಓಡ್ಯಾಡೂ ಮಗ ಮಹಾಂತೇಶನ್ನ ನಮ್ಮ ಊರಿಗೇ ಬದಲಿ ಮಾಡಸು, ಮ್ಯಾಲೊಂದು ಹಾರ ಸೇರಸ್ತೀನಿ. ಆತಿಲ್ಲೋ?"

ಚಂಬವ್ವ ಹಂಚು ತಿಕ್ಕುತ್ತ ಎಲ್ಲ ಕೇಳಿಸಿಕೊಂಡಳು.

"ಯಪ್ಪಾ ಅಡಿವೆಪ್ಪ, ಸವಾಲು ಎಲ್ಲಿಗೆ ನಿಂತಿತು?"

ಅವನು ಕಣ್ಣು ಬಿಟ್ಟ. ನಾಚಿಕೆಯಾಯಿತು.

"ನನಗ ಬ್ಯಾರೆ ಥರ ಬೇಡಾಕ ಬರೂದಿಲ್ರಿ ಅವ್ವಾ."

"ಬರಲಾರದ್ದನ್ನ ಈ ವಯಸ್ಸಿನ್ಯಾಗ ಯಾಕ ಹಚ್ಚಿಕೊಂಡಿ?"

"ನೀಲವ್ವ ಹೋದ ಮ್ಯಾಲ ಮುಕ್ತಾ ಕೇಳಿದಳ್ರಿ. 'ಅಜ್ಜಾ, ಸೋಮವಾರಕ್ಕೊಮ್ಮೆ ಅಜ್ಜಿ ನಮ್ಮ ಸಲುವಾಗಿ ಬೇಡಕೊಂಡು ಬರತಿದ್ದಳು. ಇನ್ನ ಯಾರು ಬೇಡಕೊಳ್ತಾರ?' ಅಂತ. ನಾ ಅದೀನಲ್ಲ ಅಂದಬಿಟ್ಟೆ. ಈಗ ಸೋಮವಾರ ಬಂತಂದ್ರ ಆ ಹುಡುಗಿ ಬಾಗಿಲದಾಗ ನಿಂತು ನನ್ನ ಮಾರಿ ನೋಡತಾಳ. ಆಕಿ ಮುಂದ ಸುಳ್ಳಾಡಾಕ ಆಗೂದಿಲ್ರಿ ನನಗ."

ನೀಲವ್ವ ಅವನ ಹೆಂಡತಿ. ಹೋದ ಸುಗ್ಗಿಯಲ್ಲಿ ಹಿತ್ತಲಲ್ಲಿ ಕುಸಿದು ಬಿದ್ದವಳು ಏಳಲೇ ಇಲ್ಲ. ಅವಳ ಹೆಸರು ಬಾಯಿಗೆ ಬಂದಾಗ ಆ ದೊಡ್ಡ ಗಂಟಲು ಸ್ವಲ್ಪ ಸಣ್ಣದಾಗುತ್ತಿತ್ತು.

"ನೀಲವ್ವ ಇಲ್ಲಿ ಹ್ಯಾಂಗ ಬೇಡಕೊಳ್ತಿದ್ದಳು, ಗೊತ್ತೇನು ನಿನಗ?" ಚಂಬವ್ವ ಕೇಳಿದಳು.

ಗೊತ್ತಿರಲಿಲ್ಲ. ಸೋಮವಾರ ತಪ್ಪದೆ ಅವಳನ್ನು ಸ್ಕೂಟರಿನ ಮೇಲೆ ಕರೆತಂದವನು ಅವನೇ. ಕರೆತಂದು ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂರುತ್ತಿದ್ದ. ಒಳಗೆ ಹೆಂಗಸರು ಹರಟೆ ಹೊಡೆಯುತ್ತಾರೆ ಅಂದುಕೊಂಡಿದ್ದ. ಹೊತ್ತಾದರೆ ಹಾರ್ನ್ ಬಾರಿಸುತ್ತಿದ್ದ. ಇಷ್ಟು ವರ್ಷದಲ್ಲಿ ಒಂದು ಸಲವೂ ಒಳಗೆ ಇಣುಕಿ ನೋಡಿರಲಿಲ್ಲ, ಪುಣ್ಯಾತ್ಮ.

ಚಂಬವ್ವ ಅವನನ್ನು ಒಳಕೋಣೆಗೆ ಕರೆದೊಯ್ದಳು. ಮೂಲೆಯಲ್ಲಿ ಒಂದು ಬೀಸುಕಲ್ಲಿತ್ತು. ಗೂಟ ಹಿಡಿದು ಹಿಡಿದು ನುಣುಪಾಗಿತ್ತು.

"ಇದು ಆಕಿ ಕಲ್ಲು."

"ಬೀಸಾಕ ಬರತಿದ್ದಳೇನ್ರಿ? ಊರಾಗ ಗಿರಣಿ ಐತಲ್ರಿ!"

"ದಾಸೋಹದ ಹಿಟ್ಟು ಗಿರಣಿಯಿಂದಾನ ಬರತೈತಿ. ಇಲ್ಲಿ ಬೀಸಿದ್ದನ್ನ ಅದರಾಗ ಕೂಡಸ್ತೀವಿ. ಮನಿ ಮಂದ್ಯಾಗ ಒಬ್ಬೊಬ್ಬರಿಗೆ ಒಂದೊಂದು ಹಿಡಿ ಜೋಳ. ಆ ಹಿಡಿ ಹಿಟ್ಟಾಗೂ ತನಕ ಆ ಒಬ್ಬರನ್ನ ಬಿಟ್ಟು ಬ್ಯಾರೆ ಯಾರನ್ನೂ ನೆನಸಬಾರದು."

"ನೆನಸಿ ಏನ್ ಬೇಡಬೇಕ್ರಿ?"

"ಬೇಡಬ್ಯಾಡ. ಈ ವಾರ ಅವರಿಂದ ನಿನಗೇನು ಸಿಕ್ಕಿತು, ಅದನ್ನ ಹೇಳು. ದೊಡ್ಡ ಉಪಕಾರ ಆತು ಅನ್ನು. ಕಡೀಕ 'ಕಾಯೋ' ಅನ್ನು."

"ಅಷ್ಟಾ?"

"ಕುಂತು ನೋಡು."

ಅಡಿವೆಪ್ಪ ಕೂತ. ಮಹಾಂತೇಶನ ಹೆಸರು ಹೇಳಿ ಇಡೀ ಹಿಡಿಯನ್ನು ಕಲ್ಲಿನ ಬಾಯಿಗೆ ಒಮ್ಮೆಗೇ ಸುರಿದ. ಕಲ್ಲು ಗಕ್ಕನೆ ನಿಂತಿತು. ಜೋರು ಮಾಡಿ ತಿರುಗಿಸಿದ. ಹಿಟ್ಟಿನ ಬದಲು ನುಚ್ಚು ಬಂತು.

"ಸ್ವಲ್ಪ ಸ್ವಲ್ಪ ಹಾಕೋ," ಚಂಬವ್ವ ನಕ್ಕಳು. "ಮಗನ್ನ ಒಮ್ಮಿಗೇ ನುಂಗಬ್ಯಾಡ."

ಅವನು ಸ್ವಲ್ಪ ಸ್ವಲ್ಪ ಹಾಕಿದ. ಹಿಟ್ಟು ಬೀಳತೊಡಗಿತು.

"ಮಹಾಂತೇಶ... ಮನ್ನೆ ಊಟ ಆದ ಮ್ಯಾಲ ಬಂದು ನನ್ನ ಹಾಸಗಿ ಮ್ಯಾಲ ಕುಂತಿದ್ದ. ಏನೂ ಮಾತಾಡಲಿಲ್ಲ. ಸುಮ್ಮನ ಕುಂತಿದ್ದ. ದೊಡ್ಡ ಉಪಕಾರ ಆತು. ಕಾಯೋ."

ಮುಂದಿನ ಹಿಡಿ ತೆಗೆದುಕೊಂಡ.

"ಮುಕ್ತಾ ನನ್ನ ಚಷ್ಮಾ ಹುಡುಕಿ ಕೊಟ್ಟಳು. ಅದು ನನ್ನ ತಲೀ ಮ್ಯಾಲ ಇತ್ತು. ನಗಲಿಲ್ಲ ಪಾಪ. ದೊಡ್ಡ ಉಪಕಾರ ಆತು. ಕಾಯೋ."

"ಓಂಕಾರ ನನ್ನ ಚಪ್ಪಲಿ ಮೆಟ್ಟಿಕೊಂಡು ಅಂಗಳದಾಗ ನನ್ನಂಗ ನಡದು ತೋರಿಸಿದ. ನಾ ನಕ್ಕೆ. ಆಕಿ ಹೋದ ಮ್ಯಾಲ..."

ಕಲ್ಲು ನಿಂತಿತು. ಚಂಬವ್ವ ಹೊರಗೆ ಹೋಗಿ ಕಟ್ಟಿಗೆ ಒಟ್ಟುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಕಲ್ಲು ಮತ್ತೆ ತಿರುಗುವ ಸದ್ದು ಬಂತು.

ಮುಂದಿನ ಸೋಮವಾರ ಅಡಿವೆಪ್ಪ ಬರಲಿಲ್ಲ. ಮಂಗಳವಾರ ರಟ್ಟೆ ತಿಕ್ಕಿಕೊಳ್ಳುತ್ತ ಬಂದ.

"ಕೈ ಎತ್ತಾಕ ಬರಲಿಲ್ರಿ ಅವ್ವಾ. ಇವತ್ತು ಬೀಸಿದ್ರ ನಡೀತೈತೇನ್ರಿ?"

ಚಂಬವ್ವ ಬೀಸುಕಲ್ಲಿನ ಕಡೆ ಕೈ ಮಾಡಿದಳು. ಅದರ ಮೇಲೆ ಎರಡು ಹಿಡಿ ಜೋಳ ಬೇರೆ ಬೇರೆ ಗುಡ್ಡೆಯಾಗಿದ್ದವು. ಮೂರನೆಯ ಜಾಗದಲ್ಲಿ ನಾಲ್ಕು ಕಾಳು ಚೆಲ್ಲಿದ್ದವು.

"ನಿನ್ನೆ ಮೂವರೂ ನಿನ್ನ ದಾರಿ ನೋಡಿದ್ರು. ಓಂಕಾರಂದು ಗುಬ್ಬಿ ತಿಂದು ಹೋತು."

ಅಡಿವೆಪ್ಪ ಆ ನಾಲ್ಕು ಕಾಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಇಟ್ಟುಕೊಂಡ. ಆಮೇಲೆ ಯಾವ ಸೋಮವಾರವೂ ತಪ್ಪಲಿಲ್ಲ.

ಒಂದು ಬದಲಾವಣೆ ಅವನಿಗೇ ಗೊತ್ತಿಲ್ಲದಂತೆ ಆಗತೊಡಗಿತು. ಸೋಮವಾರ ಹೇಳಲು ಏನಾದರೂ ಬೇಕಲ್ಲ, ಅದಕ್ಕಾಗಿ ವಾರವೆಲ್ಲ ಮನೆಯವರನ್ನು ನೋಡುತ್ತಿದ್ದ. ಮೊದಲು ಪೇಪರಿನಿಂದ ತಲೆ ಎತ್ತದವನು ಈಗ ಮುಕ್ತಾ ಜಡೆ ಹಾಕಿಕೊಳ್ಳುವಾಗ ರಿಬ್ಬನ್ನಿನ ತುದಿ ಹಿಡಿದು ನಿಲ್ಲುತ್ತಿದ್ದ. ಮಗ ಬರುವುದು ತಡವಾದರೆ ಬಾಗಿಲಿಗೆ ಹೋಗುತ್ತಿದ್ದ. ಬೀಸುವಾಗ ಒಂದು ಹಿಡಿ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ. ಖುಷಿ ಅನ್ನುವುದು ಹೀಗೂ ಬರುತ್ತದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ದಾಸೋಹದ ಪಂಕ್ತಿಯಲ್ಲಿ ಗದ್ದಲವಾಯಿತು. ರೊಟ್ಟಿ ಕಚ್ಚಿದವರಿಗೆಲ್ಲ ಕರಕರ ಅಂತ ಮಣ್ಣು. ದೂರದಿಂದ ನಡೆದು ಬಂದಿದ್ದ ಮುದುಕನೊಬ್ಬ ದವಡೆ ಹಿಡಿದುಕೊಂಡು ಎದ್ದ.

ಚಂಬವ್ವ ಉಳಿದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಅಡಿವೆಪ್ಪನನ್ನು ಒಳಗೆ ಕರೆದಳು.

"ಖಾಲಿ ಕಲ್ಲು ತಿರುಗಿಸಿದೇನು?"

ಕಾಳಿಲ್ಲದೆ ಬೀಸಿದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ. ಆ ಪುಡಿ ಹಿಟ್ಟಿಗೆ ಇಳಿಯುತ್ತದೆ. ಬೀಸಿ ಗೊತ್ತಿದ್ದವರು ಯಾರೂ ಮಾಡದ ತಪ್ಪು ಅದು.

"ಹೌದ್ರಿ," ಅಂದ ಅಡಿವೆಪ್ಪ. "ಒಂದು ಹಿಡಿ ಬೀಸೂ ಅಷ್ಟು ಹೊತ್ತು."

"ಯಾರ ಹೆಸರಿಲೆ?"

"ದಾನೇಶ್ವರಿ. ಸೊಸಿ."

ಅಲ್ಲಿಯವರೆಗೆ ಅವನು ಆ ಹೆಸರನ್ನು ಕಲ್ಲಿನ ಹತ್ತಿರ ಹೇಳಿಯೇ ಇರಲಿಲ್ಲ. ಚಂಬವ್ವನೂ ಕೇಳಿರಲಿಲ್ಲ.

"ಇಷ್ಟು ದಿನ ಬಿಟ್ಟವ ಇವತ್ಯಾಕ ನೆನಸಿಕೊಂಡಿ?"

"ಮುಂಜಾನೆ ಹೊರಡೂ ಮುಂದ ಮುಕ್ತಾ ಕೇಳಿದಳ್ರಿ. 'ನಮ್ಮವ್ವಂದೂ ಹೇಳ್ತಿ ಹೌದಲ್ಲೋ ಅಜ್ಜಾ?' ಅಂತ. ಹೂಂ ಅಂದೆ. ಹೆಸರು ಬಿಡಾಕ ಮನಸ್ಸು ಒಪ್ಪಲಿಲ್ಲ. ಕಾಳು ಹಾಕಾಕ ಕೈ ಒಪ್ಪಲಿಲ್ಲ. ಸುಮ್ಮನ ತಿರುಗಿಸಿದೆ."

"ಕೈ ಯಾಕ ಒಪ್ಪಲಿಲ್ಲ?"

"ನೀಲವ್ವ ಬಿದ್ದ ದಿವಸ ಆಕಿ ಮನ್ಯಾಗ ಇರಲಿಲ್ರಿ. ತವರಿಗೆ ಹೋಗಿದ್ದಳು. ಇದ್ದಿದ್ರ ಕೂಗು ಕೇಳತಿತ್ತು. ಇದ್ದಿದ್ರ ದವಾಖಾನಿಗೆ..."

"ನೀ ಎಲ್ಲಿದ್ದಿ?"

ಅಡಿವೆಪ್ಪ ನೆಲ ನೋಡಿದ.

"ಪ್ಯಾಟ್ಯಾಗ. ಹಳೇ ದೋಸ್ತರ ಕೂಡ ಚಾ ಕುಡಿಯಾಕತ್ತಿದ್ದೆ."

ಚಂಬವ್ವ ಆ ಹಿಟ್ಟಿನದೇ ಒಂದು ರೊಟ್ಟಿ ಮುರಿದು ಅವನ ಕೈಗೆ ಕೊಟ್ಟಳು.

"ತಿನ್ನು."

ತಿಂದ. ಹಲ್ಲಿನಲ್ಲಿ ಕಲ್ಲು ಕರಕರ ಅಂದಿತು.

"ಇದರಾಗ ಮುಕ್ತಾನ ಹಿಟ್ಟು ಯಾವುದು, ಓಂಕಾರನ ಹಿಟ್ಟು ಯಾವುದು, ಆರಿಸಿ ಕೊಡು. ಅವೆರಡನ್ನ ಬ್ಯಾರೆ ರೊಟ್ಟಿ ಬಡದು ಬಡಸ್ತೀನಿ."

"ಹ್ಯಾಂಗ ಬರತೈತ್ರಿ ಅವ್ವಾ? ಎಲ್ಲಾ ಕೂಡಿಬಿಟ್ಟೈತಲ್ರಿ."

"ಹೌದಲ್ಲ," ಅಂದಳು ಚಂಬವ್ವ. "ಮುಂದಿನ ಸೋಮವಾರ ಸೊಸಿ ಹಿಡಿಗೆ ಒಂದು ಮಾತು ತಗೊಂಡು ಬಾ. ಇಲ್ಲಂದ್ರ ಕಲ್ಲು ಮುಟ್ಟಬ್ಯಾಡ."

ಅಡಿವೆಪ್ಪ ರೊಟ್ಟಿಯ ಚೂರು ಕೆಳಗಿಟ್ಟ. ಕಲ್ಲು ಹೋದರೆ ಸೋಮವಾರ ಹೋಯಿತು. ಬಾಗಿಲಲ್ಲಿ ನಿಲ್ಲುವ ಮುಕ್ತಾಗೆ ಏನು ಹೇಳುವುದು?

"ಆಕಿಯಿಂದ ನನಗೇನು ಸಿಕ್ಕೈತಿ, ನನಗ ಗೊತ್ತಿಲ್ರಿ."

"ಆಕಿನ್ನ ಕೇಳು. ಪ್ಯಾಟಿ ತುಂಬ ಕೂಗಿದ ಬಾಯಿ ಐತಲ್ಲ ನಿನಗ."

ಪೇಟೆ ತುಂಬ ಕೂಗಿದ ಬಾಯಿ ಮನೆಯಲ್ಲಿ ವಾರವೆಲ್ಲ ಮುಚ್ಚಿಕೊಂಡಿತು. ದಾನೇಶ್ವರಿ ನೀರು ಕಾಸಿ ಇಟ್ಟಳು, ಬಡಿಸಿದಳು, ಬಟ್ಟೆ ಮಡಿಸಿ ತಂದಿಟ್ಟಳು. ಅಡಿವೆಪ್ಪ ಒಂದೊಂದು ಸಲವೂ ಕೆಮ್ಮಿದ, ಗಂಟಲು ಸರಿ ಮಾಡಿಕೊಂಡ, ಕಿಟಕಿಯ ಹೊರಗೆ ನೋಡಿದ. ರವಿವಾರ ಬಂತು. ಇನ್ನು ಉಳಿದದ್ದು ಅದೊಂದೇ ದಿನ.

ಅವಳು ಚಹಾ ತಂದಿಟ್ಟಾಗ ಹೇಗೋ ಬಾಯಿ ಬಿಟ್ಟ.

"ನಿಮ್ಮವ್ವ ಹ್ಯಾಂಗದಾಳ?"

ದಾನೇಶ್ವರಿ ಅಲ್ಲೇ ನಿಂತಳು.

"ಕಣ್ಣು ಚಲೋ ಕಾಣಾಕತ್ತಾವ್ರಿ ಮಾವಾರ. ಅವತ್ತು ಆಪರೇಶನ್ ಆತಲ್ರಿ."

"ಅವತ್ತು ಅಂದ್ರ?"

"ಅತ್ತಿ ಹೋದ ದಿವಸಾರಿ. ನಾ ಹೋಗೂದಿಲ್ಲ ಅಂದಿದ್ದೆ. ಅತ್ತಿ ಕೇಳಲಿಲ್ಲ. ಬುತ್ತಿ ಕಟ್ಟಿ, ತಾವ ನಿಂತು ಬಸ್ಸು ಹತ್ತಿಸಿದ್ರು. ಪಟ್ಟಿ ಬಿಚ್ಚಿದ ಕೂಡಲೆ ನಿಮ್ಮವ್ವ ನಿನ್ನ ಮಾರಿ ನೋಡಬೇಕು, ಹೋಗು ಅಂದ್ರು."

ಅವಳ ಕಣ್ಣು ತುಂಬಿದವು.

"ನಾ ಇದ್ದಿದ್ರ ಅಂತ ದಿನಾ ಅನಸ್ತೈತ್ರಿ ಮಾವಾರ."

ಅಡಿವೆಪ್ಪ ಕಪ್ಪು ಕೆಳಗಿಟ್ಟ. ಯಾರ ಮುಂದೆಯೂ ಹೇಳದ ಮಾತು ತಾನಾಗಿ ಹೊರಗೆ ಬಂತು.

"ನನಗೂ ಅನಸ್ತೈತವಾ. ದಿನಾ."

ಇಬ್ಬರೂ ಅತ್ತರು. ಚಹಾ ಆರಿ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ದಾನೇಶ್ವರಿ ಎದ್ದು ಬೇರೆ ಚಹಾ ಮಾಡಿ ತಂದಳು. ಈ ಸಲ ಎರಡು ಕಪ್ಪು.

ಸೋಮವಾರ ಅವನು ಬಸ್ಸಿಗೆ ಹೊರಟಾಗ ದಾನೇಶ್ವರಿ ಸ್ಕೂಟರನ್ನು ಒರೆಸುತ್ತಿದ್ದಳು. ನೀಲವ್ವ ಹೋದಾಗಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

"ಕುಂದರ್ರಿ ಮಾವಾರ. ನಾ ಬಿಟ್ಟು ಬರ್ತೀನಿ."

ಅಡಿವೆಪ್ಪ ಜೀವನದಲ್ಲಿ ಮೊದಲ ಸಲ ಆ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತ. ಬಾಗಿಲಲ್ಲಿ ನಿಂತಿದ್ದ ಮುಕ್ತಾ ಕೈ ಬೀಸಿದಳು.

ಆಶ್ರಮದಲ್ಲಿ ಅವನು ನೇರ ಒಳಗೆ ಹೋಗಿ ಕಲ್ಲಿನ ಮುಂದೆ ಕೂತ. ಹಿಡಿ ತುಂಬ ಜೋಳ ತೆಗೆದುಕೊಂಡ.

"ದಾನೇಶ್ವರಿ," ಅಂದ. ಹೊಳೆಯ ಆಚೆ ದಂಡೆಗೂ ಕೇಳಿಸಿರಬೇಕು. "ನನ್ನ ಜೊತಿ ಅತ್ತಳು. ಚಾ ಎರಡನೇ ಸಲ ಮಾಡಿದಳು. ದೊಡ್ಡ ಉಪಕಾರ ಆತು. ಕಾಯೋ."

ಚಂಬವ್ವ ಹಿಟ್ಟು ಮುಟ್ಟಿ ನೋಡಿದಳು. ನುಣ್ಣಗಿತ್ತು.

ಉಳಿದವರ ಹಿಡಿಗಳೂ ಮುಗಿದವು. ಅಡಿವೆಪ್ಪ ಏಳಲಿಲ್ಲ.

"ಅವ್ವಾ, ಹೋದವರ ಹೆಸರಿಲೆ ಹಾಕಬಹುದೇನ್ರಿ?"

"ಹಾಕು."

ಅವನು ನೀಲವ್ವನ ಹಿಡಿ ಬೀಸಿದ. ಏನು ಹೇಳಿದನೋ ಚಂಬವ್ವನಿಗೆ ಕೇಳಿಸಲಿಲ್ಲ. ಆ ಗಂಟಲು ಅಂದು ಪಿಸುಮಾತು ಕಲಿತಿತ್ತು.

ಮುಗಿದ ಮೇಲೆ ಗೂಟದ ಮೇಲೆ ಕೈ ಇಟ್ಟುಕೊಂಡೇ ಕೇಳಿದ.

"ಆಕಿ ನನ್ನ ಹೆಸರಿಲೆ ಹಾಕತಿದ್ದಳೇನ್ರಿ?"

"ಕಡೀ ಹಿಡಿ ನಿಂದ ಇರತಿತ್ತು."

"ಏನ್ ಹೇಳತಿದ್ದಳ್ರಿ? ಆಕಿಗೆ ನನ್ನಿಂದ ಸಿಕ್ಕಿದ್ದರ ಏನು? ಹೊರಗ ಕುಂತು ಹಾರ್ನ್ ಹೊಡದದ್ದ ಬಂತು. ಬೇಕಾದಾಗ ನಾ ಇರಲಿಲ್ಲ."

ಚಂಬವ್ವ ಬಾಗಿಲಿನಿಂದ ಹೊರಗೆ ನೋಡಿದಳು. ಬಿಟ್ಟು ಬರ್ತೀನಿ ಅಂದಿದ್ದ ದಾನೇಶ್ವರಿ ಇನ್ನೂ ಹೋಗಿರಲಿಲ್ಲ. ಬೇವಿನ ಮರದ ಕೆಳಗೆ, ಅದೇ ಕಲ್ಲಿನ ಮೇಲೆ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದಳು.

"ನೀ ಹಾರ್ನ್ ಹೊಡದ ಕೂಡಲೆ ನಗತಿದ್ದಳು. ನಕ್ಕೋತ ಕಡೀ ಹಿಡಿ ಹಾಕತಿದ್ದಳು. ಪ್ರತಿ ಸೋಮವಾರ ಅದ ಮಾತು, ಅಡಿವೆಪ್ಪ. 'ಹೊರಗ ಕುಂತಾನ. ನಾ ಬರೂ ತನಕ ಹೋಗಾಂವಲ್ಲ.'"