ಕಂಬಳಿ ನೇಯ್ದ ದೆವ್ವ

ಒಂದಾನೊಂದು ಊರು. ಕರಿಗುಡ್ಡ ಅಂತ ಅದರ ಹೆಸರು. ಆ ಊರಿನಲ್ಲಿ ಒಂದು ದಿನ ನಸುಕಿನಲ್ಲಿ ಬಹಳ ಗಂಭೀರವಾದ ಘಟನೆಯೊಂದು ನಡೆದುಹೋಯಿತಂತೆ. ಊರ ಗೌಡನ ಮಗಳು ನೀಲವ್ವ ಕುರಿಹಟ್ಟಿಯಿಂದ ಮನೆಗೆ ಬರುತ್ತಿದ್ದಾಗ ಹುಣಸೆ ಮರದ ಮೇಲಿನ ದೆವ್ವ ಅವಳ ಮುಂದೆ ಧೊಪ್ಪನೆ ಧುಮುಕಿ, ಕೂದಲು ಕೆದರಿಕೊಂಡು, ನಾಲಗೆಯನ್ನು ಮೊಣಕಾಲಿನ ತನಕ ಚಾಚಿ, "ಹೋ!" ಅಂತ ಕೂಗಿತು. ನೀಲವ್ವ ಅದನ್ನು ನೋಡಿ ಆಕಳಿಸಿದಳು.

ಚೀರಲಿಲ್ಲ, ಓಡಲಿಲ್ಲ, ಜ್ವರ ಬಂದು ಮಲಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಚೆನ್ನಾಗಿ ಆಕಳಿಸಿ, "ಆಕಡಿ ಸರಿ" ಅಂದು ಮನೆಗೆ ಹೋದಳು.

ಇಂಥ ಸುದ್ದಿಯನ್ನು ಯಾರು ತಡೆದಾರು? ಹೊತ್ತು ನೆತ್ತಿಗೆ ಬರುವುದರೊಳಗೆ ಏಳು ಮರದ ಏಳು ದೆವ್ವಗಳಿಗೂ ಮುಟ್ಟಿತು. ಆಲದ ಮರದ ಹಿರೇದೆವ್ವ ಪಂಚಾಯಿತಿ ಕರೆಯಿತು. ಮನುಷ್ಯರಿಗೆ ಇರುವ ಹಾಗೆ ದೆವ್ವಗಳಿಗೂ ಕಟ್ಟುಕಟ್ಟಳೆ ಉಂಟಷ್ಟೆ. ಹೆದರಿಸಿದವರಿಗೆ ಮರ, ಹೆದರಿಸದವರಿಗೆ ಬಯಲು.

"ಯಾರನ್ನ ಹೆದರಿಸಿದಿ?" ಹಿರೇದೆವ್ವ ಕೇಳಿತು.

"ಹೆದರಿಸಾಕ ಹೋಗಿದ್ದೆ."

"ಹೋಗಿದ್ದು ಕೇಳಲಿಲ್ಲ. ಆಕಿ ಏನು ಮಾಡಿದಳು?"

"ಆಕಳಿಸಿದಳು."

ಸಭೆ ತಲೆ ತಗ್ಗಿಸಿತು. ದೆವ್ವಗಳ ಕುಲಕ್ಕೆ ಇಂಥ ಮಾತು ಹಿಂದೆಂದೂ ಬಂದಿರಲಿಲ್ಲ. ಹುಣಸೆ ಮರ ಖಾಲಿ ಎಂದು ಸಾರಿದರು. ದೆವ್ವ ಬಯಲಿಗೆ ಬಿತ್ತು.

ಬಯಲಿಗೆ ಬಿದ್ದದ್ದು ಹಾಳು ಬಾವಿಗೆ ಹೋಗಿ ಜಾಗ ಕೇಳಿತು. ಬಾವಿಯ ದೆವ್ವ, "ಯಾರನ್ನ ಹೆದರಿಸಿದಿ?" ಅಂತು. "ಯಾರನ್ನೂ ಇಲ್ಲ." "ಹಂಗಾದರ ಮುಂದಕ್ಕ ಹೋಗು." ಮುಂದೆ ಹಾಳು ಗುಡಿ ಸಿಕ್ಕಿತು. ಗುಡಿಯ ದೆವ್ವ, "ಯಾರನ್ನ ಹೆದರಿಸಿದಿ?" ಅಂತು. "ಯಾರನ್ನೂ ಇಲ್ಲ." "ಹಂಗಾದರ ಮುಂದಕ್ಕ ಹೋಗು." ಸುಡುಗಾಡಿನಲ್ಲಿ ಏನನ್ನೂ ಕೇಳಲಿಲ್ಲ. ಅಲ್ಲಿ ಮೊದಲೇ ಇಕ್ಕಟ್ಟು.

ಮಾಗಿಯ ಚಳಿ ಬೇರೆ. ಸತ್ತವರಿಗೆ ಚಳಿಯಾಗುವುದಿಲ್ಲ ಎನ್ನುವ ಮಾತು ಬದುಕಿದವರು ಕಟ್ಟಿದ್ದು. ದೆವ್ವ ಗಡಗಡ ನಡುಗುತ್ತ ಊರ ಅಂಚಿಗೆ ಬಂತು. ಅಲ್ಲೊಂದು ಗುಡಿಸಲು, ಒಳಗೊಂದು ಮಗ್ಗ, ಮಗ್ಗದ ಕೆಳಗೆ ನೇಯುವವರು ಕಾಲು ಇಳಿಬಿಡುವ ಕುಣಿ. ಆ ಕುಣಿ ಕತ್ತಲೆಯಾಗಿತ್ತು, ಬೆಚ್ಚಗಿತ್ತು, ಉಣ್ಣೆಯ ವಾಸನೆ ಹೊಡೆಯುತ್ತಿತ್ತು. ದೆವ್ವ ಅದರಲ್ಲಿ ಮುದುಡಿ ಕೂತಿತು.

ಗುಡಿಸಲು ಕಂಬಳಿ ನೇಯುವ ಮಾಳಿಂಗಜ್ಜನದು. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಮೊಣಕಾಲು ಇದ್ದವು, ಇದ್ದೂ ಉಪಯೋಗವಿರಲಿಲ್ಲ. ಬೆಳಗಾದ ಮೇಲೆ ಅಜ್ಜ ಎಂದಿನಂತೆ ನರಳುತ್ತ ಮಗ್ಗಕ್ಕೆ ಕೂತು ಕಾಲು ಇಳಿಬಿಟ್ಟ. ಪಾದಕ್ಕೆ ಇನ್ನೊಂದು ಪಾದ ತಗುಲಿತು, ಮಂಜಿನಂಥದ್ದು.

"ಯಾರಲೇ ಅದು?"

"ದೆವ್ವ."

"ಏನು ಮಾಡಾಕತ್ತಿ ಅಲ್ಲಿ?"

"ಸುಮ್ಮನ ಕೂತೀನಿ."

"ಸುಮ್ಮನ ಕೂಡಾಕ ನನ್ನ ಮಗ್ಗನ ಬೇಕಾತೇನು? ನನಗ ಕಾಲು ಬ್ಯಾನಿ. ಎಡಗಡಿ ಹಲಗಿ ತುಳಿ."

ದೆವ್ವಕ್ಕೆ ಇದುವರೆಗೆ ಯಾರೂ ಒಂದು ಕೆಲಸ ಹೇಳಿರಲಿಲ್ಲ. ಮಂದಿ ಓಡುತ್ತಿದ್ದರು, ಇಲ್ಲವೆ ಆಕಳಿಸುತ್ತಿದ್ದರು. ಅದು ಎಡಗಡೆ ಹಲಗೆಯನ್ನು ತುಳಿಯಿತು. ಪಟಪಟನೆ ಅಷ್ಟೂ ಎಳೆ ಹರಿದವು.

ಅಜ್ಜ ಬಗ್ಗಿ ಕುಣಿಯೊಳಗೆ ನೋಡಿದ. ಮಗ್ಗದ ಹಲಗೆಯನ್ನು ಕಾಲ್ಬೆರಳುಗಳಿಂದ ಹಿಡಿದು ಮೆಲ್ಲಗೆ ಒತ್ತಬೇಕು. ದೆವ್ವದ ಪಾದ ಹಿಂದುಮುಂದು. ಬೆರಳು ಬೆನ್ನ ಕಡೆ, ಹಿಮ್ಮಡಿ ಮುಂದೆ. ಅದು ಹಿಮ್ಮಡಿಯಿಂದ ಗುದ್ದಿತ್ತು.

"ನನಗ ಬರಂಗಿಲ್ಲ, ಅಜ್ಜಾ. ನಾ ಹೋಗ್ತೀನಿ" ಅಂತು ದೆವ್ವ. ಬಯಲೇನೋ ಇನ್ನೂ ಖಾಲಿಯೇ ಇತ್ತು.

"ಲೇ, ಸುಮ್ಮನ ಕೂಡು" ಅಂದ ಅಜ್ಜ. ಹಾರೆ ತಂದ. ಮೊಣಕಾಲಿಗೂ ದೆವ್ವಕ್ಕೂ ಒಂದೇ ಉಸಿರಿನಲ್ಲಿ ಬೈಯುತ್ತ ಕುಣಿಯನ್ನು ಹಿಂದಕ್ಕೆ ಅಗೆದ. ಹಲಗೆಗಳನ್ನು ಕಿತ್ತು, ಹಗ್ಗ ಉದ್ದ ಬಿಟ್ಟು, ಕೂರುವ ಮಣೆಯ ಅಡಿಗೆ, ಬೆರಳು ಎಲ್ಲಿದ್ದವೋ ಅಲ್ಲಿಗೆ, ತಂದು ಕಟ್ಟಿದ. ಅಪ್ಪ, ಅಜ್ಜ, ಮುತ್ತಜ್ಜ ತುಳಿದ ಮಗ್ಗ. ಇನ್ನು ಅದನ್ನು ಕರಿಗುಡ್ಡದ ಒಬ್ಬನೇ ಒಬ್ಬ ನೇಕಾರನೂ ತುಳಿಯಲಾರ. ಅಜ್ಜನೂ ತುಳಿಯಲಾರ. ಅದನ್ನು ಅವನು ಹೇಳಲಿಲ್ಲ. "ಈಗ ತುಳಿ" ಅಂದ, ಅಷ್ಟೆ.

ದೆವ್ವ ತುಳಿಯಿತು. ಎಳೆಗಳು ಬಾಯಿ ತೆರೆದವು, ಒಂದೂ ಹರಿಯಲಿಲ್ಲ.

ಆಮೇಲೆ ಕಲಿಕೆ. ದೆವ್ವ ಅಡ್ಡಡ್ಡ ತೂರಿಸುವ ಹೊಕ್ಕಿನ ನೂಲನ್ನು ಜಗ್ಗಿ ಜಗ್ಗಿ ಎಳೆಯುತ್ತಿತ್ತು. ಕಂಬಳಿ ನಡುವಿನಲ್ಲಿ ಸೊರಗಿ ಡಮರುವಿನ ಆಕಾರಕ್ಕೆ ಬರುತ್ತಿತ್ತು. ಅಜ್ಜ ಕಣ್ಣು ಮುಚ್ಚಿ ಹೆಬ್ಬೆರಳನ್ನು ಅಂಚಿನ ಮೇಲೆ ಎಳೆದುಕೊಂಡು ಹೋಗುತ್ತಿದ್ದ. "ಬಿಚ್ಚು" ಅನ್ನುತ್ತಿದ್ದ. ದೆವ್ವ ಬಿಚ್ಚುತ್ತಿತ್ತು. ಮತ್ತೆ ನೇಯುತ್ತಿತ್ತು. ಅಜ್ಜ ಹೆಬ್ಬೆರಳು ಎಳೆಯುತ್ತಿದ್ದ. "ಬಿಚ್ಚು."

"ಅಲ್ಲಲೇ, ಅದೇನು ಯಾರದಾರ ಕುತ್ತಿಗಿ ಅಂತ ತಿಳಕೊಂಡಿಯೇನು, ಹಂಗ ಹಿಡೀತಿ? ಸಡಲ ಬಿಡು. ನೂಲು ಎಲ್ಲೂ ಓಡಿ ಹೋಗಂಗಿಲ್ಲ."

ದೆವ್ವಕ್ಕೆ ಆ ಮಾತು ಹೊಸದು. ಇದುವರೆಗೆ ಅದು ಕೈಚಾಚಿದ್ದೆಲ್ಲ ಓಡಿಹೋಗಿತ್ತು.

ನೂಲಿಗೆ ಹುಣಸೆ ಬೀಜದ ಗಂಜಿ ಬೇಕು, ಇಲ್ಲದಿದ್ದರೆ ಉದ್ದುದ್ದ ಹಾಸಿನ ಎಳೆ ಬಿಗಿಯಾಗಿ ನಿಲ್ಲುವುದಿಲ್ಲ. ಬೀಜ ಆರಿಸಲು ಅಜ್ಜ ದೆವ್ವವನ್ನೇ ಕಳಿಸುತ್ತಿದ್ದ, ತಲೆಯ ಮೇಲೊಂದು ಹಳೇ ಕಂಬಳಿಯ ಕೊಪ್ಪೆ ಹಾಕಿ, ಪಾದ ಮುಚ್ಚುವ ಹಾಗೆ. ಯಾವ ಮರದಿಂದ ದಬ್ಬಿಸಿಕೊಂಡಿತ್ತೋ ಅದೇ ಮರದ ಕೆಳಗೆ ಅದು ಬುಟ್ಟಿ ಹಿಡಿದು ಕೂತು ಬೀಜ ಆರಿಸುತ್ತಿತ್ತು. ಹೋಗಿ ಬರುವವರು ಅಜ್ಜನನ್ನು, "ಯಾರು ಅಜ್ಜಾ ಅಂವಾ? ಯಾ ಕಡಿಯಾಂವ?" ಅನ್ನುತ್ತಿದ್ದರು. "ಹುಣಸಿಗಿಡದ ಕಡಿಯಾಂವ" ಅನ್ನುತ್ತಿದ್ದ ಅಜ್ಜ. ಅವನು ಸುಳ್ಳು ಹೇಳಿದವನಲ್ಲ.

ಒಂದು ದಿನ ಅಜ್ಜ ಹೆಬ್ಬೆರಳನ್ನು ಈ ತುದಿಯಿಂದ ಆ ತುದಿಗೆ ಎಳೆದ. ಆ ತುದಿಯಿಂದ ಈ ತುದಿಗೆ ಎಳೆದ. ದೆವ್ವ ಬಿಚ್ಚಲು ಕೈ ಮುಂದೆ ಮಾಡಿತು.

"ಕೊಯ್ಯಿ" ಅಂದ ಅಜ್ಜ.

ಕೊಯ್ಯುವುದೆಂದರೆ ಕಂಬಳಿ ಮುಗಿಯಿತು, ಮಗ್ಗದಿಂದ ಇಳಿಸು ಅಂತ. ದೆವ್ವ ಕೊಯ್ದು ಇಳಿಸಿತು. ಮಡಚುವಾಗ ಕಂಬಳಿ ಒಂದು ಕಡೆ ಸ್ವಲ್ಪ ಒದ್ದೆಯಾಗಿತ್ತಂತೆ. ದೆವ್ವಗಳಿಗೆ ಕಣ್ಣೀರಿಲ್ಲ ಎಂದು ತಿಳಿದವರು ಹೇಳುತ್ತಾರೆ. ಹಾಗಾದರೆ ಗಂಜಿ ಇರಬೇಕು.

ಆ ಸೀಮೆಯಲ್ಲಿ ಒಂದು ಪದ್ಧತಿ. ದೇವರ ಕಾರ್ಯವಾಗಲಿ ಮದುವೆಯಾಗಲಿ, ಯಾರೂ ಹೊದೆಯದ ಹೊಸ ಕರಿಕಂಬಳಿ ಹಾಸಿ ಗದ್ದುಗೆ ಮಾಡಬೇಕು. ಕರಿಕಂಬಳಿ ಇದ್ದಲ್ಲಿ ದೆವ್ವ ಸುಳಿಯುವುದಿಲ್ಲ ಎಂದು ಎಲ್ಲರೂ ಬಲ್ಲರು. ನೀಲವ್ವನ ಮದುವೆ ಬಂತು. ಗೌಡ ಮಾಳಿಂಗಜ್ಜನಿಂದ ಕಂಬಳಿ ಒಯ್ದ. ಮದುಮಗ, ಮದುಮಗಳು ಅದರ ಮೇಲೆ ಕೂತು ಅಕ್ಷತೆ ಹಾಕಿಸಿಕೊಂಡರು. ಬೀಗರು ಕಂಬಳಿ ಮುಟ್ಟಿ ನೋಡಿ ಹೊಗಳಿದ್ದೂ ಹೊಗಳಿದ್ದೇ.

ಮದುವೆಯಾದ ಮೇಲೆ ಗೌಡ ತಾನೇ ಗುಡಿಸಲಿಗೆ ಬಂದ. "ಮಾಳಿಂಗಪ್ಪಾ, ಬೀಗರ ಮುಂದ ನನ್ನ ಮೀಸಿ ಉಳಿಸಿದಿ. ಇದು ನಿನ್ನ ಕೈ ಅಲ್ಲ, ನಿನ್ನ ಶಿಷ್ಯಂದು ಅಂತಾರ. ಎಲ್ಲಿ, ಆ ಪುಣ್ಯಾತ್ಮನ ಮುಖ ನೋಡೂಣು."

ಕುಣಿಯಲ್ಲಿ ಕಾಲಿಟ್ಟು ಕೂತಿದ್ದ ದೆವ್ವ ಇದನ್ನು ಕೇಳಿತು. ತನ್ನ ಮುಖ ನೋಡಬೇಕೆಂದು ಯಾರಾದರೂ ನಡೆದುಕೊಂಡು ಬಂದದ್ದು ಅದರ ಪಾಲಿಗೆ ಇದೇ ಮೊದಲು. ಆ ಹಿಗ್ಗಿನಲ್ಲಿ ಅದು ದೆವ್ವ ಮಾತ್ರ ಮಾಡಬಹುದಾದ ತಪ್ಪು ಮಾಡಿತು. ಪಾದ ಮರೆತು ಮೇಲೆದ್ದು ಬಂತು.

ಗೌಡ ಮುಖ ನೋಡಿದ. ಕೈಮುಗಿಯಲು ಬಗ್ಗಿದ. ಪಾದ ನೋಡಿದ. ಕಿಟಾರನೆ ಕಿರುಚಿ, ಮುಂಡಾಸು ಅಲ್ಲೇ ಬಿಟ್ಟು, ಮನೆ ಮುಟ್ಟುವ ತನಕ ಓಡಿದ.

ಅಂತೂ ದೆವ್ವ ಒಬ್ಬರನ್ನು ಹೆದರಿಸಿತು. ಅದಕ್ಕೆ ಸಂತೋಷವೇನೂ ಆಗಲಿಲ್ಲ. ಮುಂಡಾಸನ್ನು ಎತ್ತಿ, ಧೂಳು ಕೊಡವಿ, ಮಡಚಿಟ್ಟಿತು.

ಸುದ್ದಿ ಮರಗಳಿಗೆ ಮುಟ್ಟಿತು. ಹಿರೇದೆವ್ವ ತಾನಾಗಿಯೇ ಗುಡಿಸಲ ಹಿತ್ತಲಿಗೆ ಬಂತು. "ಗೌಡನ್ನ ಹೆದರಿಸಿದಿಯಂತಲ್ಲ! ನಮ್ಮ ಕುಲದ ಮರ್ಯಾದಿ ಉಳಿಸಿದಿ. ಹುಣಸಿಮರ ಇನ್ನೂ ಖಾಲಿ ಐತಿ, ಈಗಲೇ ಬಾ. ಊರಾಗ ಮಂತ್ರವಾದಿ ಭರಮಪ್ಪನ್ನ ಕರೆಸಾಕತ್ತಾರ. ಅಂವ ಓಡಿಸಿದ ದೆವ್ವಕ್ಕ ಬಯಲೂ ದಕ್ಕಂಗಿಲ್ಲ, ತಿಳಕೋ."

"ಅರ್ಧ ಕಂಬಳಿ ಮಗ್ಗದ ಮ್ಯಾಲೈತಿ" ಅಂತು ದೆವ್ವ.

"ಏನು?"

"ಅರ್ಧ ಕಂಬಳಿ. ಬಿಟ್ಟು ಬರಾಕ ಬರಂಗಿಲ್ಲ."

ಹಿರೇದೆವ್ವಕ್ಕೆ ಅರ್ಥವಾಗಲಿಲ್ಲ. ಅದು ಜೀವಮಾನದಲ್ಲಿ, ಮತ್ತು ಆಮೇಲೂ, ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟಿರಲಿಲ್ಲ, ಒಂದನ್ನೂ ಹಿಡಿದೇ ಇರಲಿಲ್ಲವಾದ್ದರಿಂದ.

ಭರಮಪ್ಪ ಬಂದ. ಊರೂರು ತಿರುಗಿ ದಣಿದ ಮನುಷ್ಯ. ಗುಡಿಸಲ ಮುಂದೆ ಊರೆಲ್ಲ ನೆರೆಯಿತು. ಒಳಗೆ ದೆವ್ವ ಮಗ್ಗಕ್ಕೆ ಕೂತಿತ್ತು. ಹೊರಗಿನ ಗದ್ದಲಕ್ಕೆ ಅಂಚು ಸೊಟ್ಟಗಾಗದ ಹಾಗೆ ಒಂದೊಂದೇ ಎಳೆ ನೋಡಿಕೊಂಡು ನೇಯುತ್ತಿತ್ತು.

"ಗದ್ದುಗಿಗೆ ಹೊಸ ಕರಿಕಂಬಳಿ ತರ್ರಿ" ಅಂದ ಭರಮಪ್ಪ.

ಹೊಸ ಕಂಬಳಿ ಇದ್ದದ್ದು ಒಂದೇ ಮನೆಯಲ್ಲಿ. ಮಾಳಿಂಗಜ್ಜ ತಂದು ಹಾಸಿದ. ಭರಮಪ್ಪ ಕೂತ, ಕಣ್ಣು ಮುಚ್ಚಿದ, ಮಂತ್ರ ಎತ್ತಿಕೊಂಡ, ನಡುವೆ ನಿಲ್ಲಿಸಿದ. ಗದ್ದುಗೆಯ ಮೇಲೆ ಕೂತು ಕೂತು ಕಂಬಳಿಯ ಗುಣ ಅವನಿಗೆ ಮಂತ್ರಕ್ಕಿಂತ ಚೆನ್ನಾಗಿ ಗೊತ್ತಿತ್ತು. ಅಂಚಿನ ಮೇಲೆ ಕೈಯಾಡಿಸಿದ.

"ಇಂಥಾ ಕಂಬಳಿ ಮ್ಯಾಲೆ ನಾ ಕೂತಿದ್ದಿಲ್ಲ ಬಿಡು. ಯಾರು ನೇಯ್ದಿದ್ದು ಅಜ್ಜಾ?"

"ನೀ ಓಡಿಸಾಕ ಬಂದಿಯಲ್ಲ, ಅದು."

ಭರಮಪ್ಪ ಬೆಂಕಿ ತುಳಿದವನಂತೆ ಎದ್ದ. ನಿಂತು ಯೋಚಿಸಿದ. ಮತ್ತೆ ಕೂತ. "ಗೌಡ್ರೇ, ಇಲ್ಲಿ ತೊಡಕೈತಿ. ದೆವ್ವ ನೇಯ್ದ ಕಂಬಳಿ ಗದ್ದುಗಿ ಆಗಂಗಿಲ್ಲ ಅಂದ್ರ ನನ್ನ ಮಂತ್ರ ಹತ್ತಂಗಿಲ್ಲ. ಗದ್ದುಗಿ ಖರೇನ ಅಂದ್ರ, ಅದನ್ನ ನೇಯ್ದಿದ್ದು ದೆವ್ವಲ್ಲ. ಓಡಿಸಾಕ ಇಲ್ಲಿ ಏನೂ ಇಲ್ಲ."

"ಪಾದ ನಾನ ಕಣ್ಣಾರೆ ನೋಡೀನೋ!" ಗೌಡ ಕೂಗಿದ. "ಓಡಿಸು ಅದನ್ನ!"

"ಓಡಿಸ್ರಿ" ಅಂದ ಮಾಳಿಂಗಜ್ಜ. "ಮಗ್ಗ ಅದರ ಕಾಲಿಗೆ ತಿರುಗಿಸಿಬಿಟ್ಟೀನಿ. ನಾಳೆಯಿಂದ ಯಾರು ತುಳೀತಾರ? ಗೌಡ್ರೇ, ನೀವು ತುಳೀತೀರೇನು, ಹಿಂದುಮುಂದು ಕೂತು?"

ಯಾರೋ ನಕ್ಕರು. ಅಷ್ಟರಲ್ಲಿ ತವರಿಗೆ ಬಂದಿದ್ದ ನೀಲವ್ವ ಮುಂದೆ ಬಂದಳು. "ಅಪ್ಪಾ, ನಾ ಅಕ್ಕಿಕಾಳು ಹಾಕಿಸಿಕೊಂಡಿದ್ದು ಇದರ ಕಂಬಳಿ ಮ್ಯಾಲೆ. ಗದ್ದುಗಿ ಸುಳ್ಳಾದರ ನನ್ನ ಮದುವೀನೂ ಆಗಿಲ್ಲ. ಆಗೈತೋ ಇಲ್ಲೋ ಈಗ ಹೇಳಿಬಿಡು. ನಮ್ಮ ಮನಿಯವರು ಎತ್ತು ಕಟ್ಟಿಕೊಂಡು ನನ್ನ ಕರಕೊಂಡು ಹೋಗಾಕ ಬರಾಕತ್ತಾರ."

ಗೌಡ ಬಾಯಿ ತೆರೆದ. ಬೀಗರ ನೆನಪಾಯಿತು. ಬಾಯಿ ಮುಚ್ಚಿದ.

ಒಳಗೆ ಮಗ್ಗದ ಸದ್ದು ನಿಂತಿತು. ದೆವ್ವ ಕುಣಿಯಿಂದ ಎದ್ದು, ಗೌಡನ ಮುಂಡಾಸು ಹಿಡಿದುಕೊಂಡು ಬಾಗಿಲಿಗೆ ಬಂತು. ಈ ಸಲವೂ ಕೊಪ್ಪೆ ಹಾಕಿರಲಿಲ್ಲ, ಆದರೆ ಮರೆತದ್ದಲ್ಲ. ಪಾದಗಳು ಎಲ್ಲರಿಗೂ ಕಾಣುತ್ತಿದ್ದವು. ಅದು ಮುಚ್ಚಿಕೊಳ್ಳಲಿಲ್ಲ.

"ಇದು ಬಿಟ್ಟು ಹೋಗಿದ್ರಿ" ಅಂತು. "ಕಂಬಳಿ ಇನ್ನೂ ಮೊಳದಷ್ಟು ಬಾಕಿ ಐತಿ. ಮುಗಿಸಿಬಿಡ್ತೀನಿ. ಆಮ್ಯಾಲೆ ಹೋಗಂದ್ರ ಹೋಗ್ತೀನಿ."

ನೀಲವ್ವ ಅದರ ಮುಖವನ್ನು ದಿಟ್ಟಿಸಿ ನೋಡಿದಳು. "ಅಯ್ಯ, ನಿನ್ನ ನಾ ನೋಡೀನಲ್ಲ! ಹುಣಸಿಮರದ ಕೆಳಗ ನಾಲಿಗಿ ತೆಗೆದು ನಿಂತಿದ್ದಿ."

"ನೀ ಆಕಳಿಸಿದಿ" ಅಂತು ದೆವ್ವ. ಆ ಮಾತನ್ನು ಅದು ಬಹಳ ಕಾಲದಿಂದ ಇಟ್ಟುಕೊಂಡಿತ್ತು.

"ಇನ್ನೇನು ಮಾಡಲಿ? ರಾತ್ರಿಯೆಲ್ಲ ಮರಿ ಈಯೋ ಕುರಿ ಕಾದಿದ್ದೆ. ನಿದ್ದಿ ಇದ್ದಿಲ್ಲ. ಇಲ್ಲಂದ್ರ ಅಂಜಿ ಸತ್ತೇ ಹೋಗ್ತಿದ್ದೆ, ಯವ್ವಾ!"

ದೆವ್ವ ನಕ್ಕಿತು. ಅದನ್ನು ಕೇಳಿ ಮುಂದಿನ ಸಾಲಿನ ಕೆಲವರು ಹಿಂದಿನ ಸಾಲಿಗೆ ಹೋದರು. ಆದರೆ ಮನೆಗೆ ಯಾರೂ ಹೋಗಲಿಲ್ಲ.

ಗೌಡ ಮುಂಡಾಸು ಸುತ್ತಿಕೊಂಡು ತೀರ್ಪು ಕೊಟ್ಟ. ಕರಿಗುಡ್ಡದಲ್ಲಿ ದೆವ್ವ ಇಲ್ಲ. ನೀಲವ್ವನ ಮದುವೆ ಆಗಿದೆ. ಮಾಳಿಂಗಪ್ಪನ ಶಿಷ್ಯನ ಪಾದ ಮಾಳಿಂಗಪ್ಪನ ಮನೆಯ ವಿಚಾರ.

"ಕೇಳಿದಿಯಲ್ಲ?" ಅಂದ ಅಜ್ಜ. "ನಡಿ ಒಳಗ. ಹೊತ್ತು ಮುಳುಗಾಕತ್ತೈತಿ, ಅಂಚು ಕಾಣಂಗಿಲ್ಲ."

ದೆವ್ವ ಒಳಗೆ ಹೋಯಿತು. ಭರಮಪ್ಪ ದಕ್ಷಿಣೆಗೆ ಬದಲು ಆ ಗದ್ದುಗೆಯ ಕಂಬಳಿಯನ್ನು ಕೇಳಿ ಪಡೆದು, ಹೊದ್ದುಕೊಂಡು ಹೋದ. ಮಾಳಿಂಗಜ್ಜ ತನ್ನ ಕಾಲ ಬಂದಾಗ ತೀರಿಕೊಂಡ. ಅವನನ್ನು ಶಿಷ್ಯ ನೇಯ್ದ ಕಂಬಳಿಯಲ್ಲೇ ಒಯ್ದರು. ಮಗ್ಗದ ಸದ್ದು ಮಾತ್ರ ನಿಲ್ಲಲಿಲ್ಲವಂತೆ. ಊರ ಹುಡುಗರು ಕಲಿಯಲು ಬಂದರೆ ಅವರವರ ಕಾಲು ನೋಡಿ ಕುಣಿ ಅಗೆದು, ಹೆಬ್ಬೆರಳಿನಿಂದ ಅಂಚು ಮುಟ್ಟಿ, "ಬಿಚ್ಚು" ಅನ್ನುವ ದನಿಯೊಂದು ಅಲ್ಲಿ ಬಹಳ ವರ್ಷ ಇತ್ತಂತೆ.

ಕಂಬಳಿ ಹೊದ್ದವರು ಬೆಚ್ಚಗಾದರು, ಕಥೆ ಕೇಳಿದವರು ಮಗ್ಗಲು ಬದಲಿಸಿದರು.

ಹುಣಸೆ ಮರ ಇನ್ನೂ ಖಾಲಿ ಇದೆ.